ಇನ್ಸ್‌ಪೆಕ್ಟರು ಕೂರದ ಕೋಣೆ

ನಮ್ಮೂರಿನಲ್ಲಿ ಬಾಡಿಗೆ ಮನೆ ನೋಡಲು ಹೋದವರು ನೀರು ಹೇಗೆ, ಗಾಳಿ ಹೇಗೆ ಎಂದು ಮೊದಲು ಕೇಳುವುದಿಲ್ಲ. ಹೊಸಿಲು ದಾಟಿ ಒಂದು ಕಾಲನ್ನು ಮೇಲೆತ್ತಿ ನೋಡುತ್ತಾರೆ. ಸಲೀಸಾಗಿ ಎದ್ದರೆ ಹಗುರ ಮನೆ, ಏಳಲು ಹಟ ಮಾಡಿದರೆ ಭಾರದ ಮನೆ. ಮೂಡಣ ಬೀದಿ ಹಗುರ, ಪಡುವಣ ಬೀದಿ ಭಾರ, ನಡುವಿನದು ನಡುವೆ. ಬಸುರಿಯರನ್ನು ಏಳನೆಯ ತಿಂಗಳಿಗೆ ಮೂಡಣ ಬೀದಿಯ ನೆಂಟರ ಮನೆಗೆ ಕಳಿಸುತ್ತಾರೆ. ಮಂಡಿನೋವಿನವರು ಸಂಜೆ ಅಲ್ಲಿಗೇ ತಿರುಗಾಡಲು ಹೋಗುತ್ತಾರೆ. ಹಿಟ್ಟು ರುಬ್ಬಲಿಕ್ಕೆ ಮಾತ್ರ ಪಡುವಣ ಬೀದಿಯೇ ಆಗಬೇಕು. ಅಲ್ಲಿ ಗುಂಡುಕಲ್ಲು ತಾನೇ ಕೂತು ಅರೆಯುತ್ತದೆ. ಎರಡು ಬೀದಿ ಕೂಡುವ ಕಡೆ, ಪಡುವಣದವರು ತರಕಾರಿ ಗಾಡಿ ತಳ್ಳಿಕೊಂಡು ಬರುವುದು ಕಂಡರೆ, ಮೂಡಣದವರು ಯಾರಾದರೂ ಎದುರು ಹೋಗಿ ಒಂದು ಕೈ ಹಾಕುತ್ತಾರೆ. ಅದನ್ನು ಯಾರೂ ಕೇಳುವುದೂ ಇಲ್ಲ, ಯಾರೂ ಉಪಕಾರ ಅನ್ನುವುದೂ ಇಲ್ಲ.

ನಮ್ಮ ಶಾಲೆ ಈ ಬೀದಿಗಳಿಗೆ ಅಡ್ಡಲಾಗಿ ಉದ್ದಕ್ಕೆ ಮಲಗಿದ ಕಟ್ಟಡ. ಮೂರು ಕೋಣೆ, ಮುಂದೆ ಒಂದೇ ಜಗಲಿ. ಮೂಡಣ ತುದಿಯ ಹಗುರ ಕೋಣೆಯಲ್ಲಿ ಚಿಕ್ಕ ಮಕ್ಕಳು, ಬಿದ್ದರೂ ನೋವಾಗುವುದಿಲ್ಲವಲ್ಲ. ಪಡುವಣ ತುದಿಯ ಭಾರದ ಕೋಣೆಯಲ್ಲಿ ಏಳನೆಯ ತರಗತಿ. ದೊಡ್ಡ ಮಕ್ಕಳ ಕಾಲಿಗೆ ಕಸುವಿರುತ್ತದೆ ಎಂದು ಹಿಂದಿನವರು ಮಾಡಿದ ಏರ್ಪಾಟು. ನಡುವಿನ ಕೋಣೆ ನನ್ನದು. ಎಡಕ್ಕೂ ಬಲಕ್ಕೂ ಕಿಟಕಿ ಇದ್ದದ್ದರಿಂದ ಎರಡೂ ಕಡೆಯ ಮಾತು ನನ್ನ ಕಿವಿಗೆ ಬೀಳುತ್ತಿತ್ತು. ಏಳನೆಯ ತರಗತಿಯ ಅಂಬುಜಾಕ್ಷಿಯ ಕಥೆಯನ್ನು ನಾನು ಹೇಳಬಲ್ಲೆನಾದರೆ ಆ ಕಿಟಕಿಗಳೇ ಕಾರಣ.

ಅಂಬುಜಾಕ್ಷಿ ಗಣಿತ ಹೇಳಿಕೊಡುತ್ತಿದ್ದಳು. ಗಟ್ಟಿ ಮೈಕಟ್ಟಿನ ಹೆಂಗಸು, ವರ್ಷಗಟ್ಟಲೆ ಆ ನೆಲದ ಮೇಲೆ ನಿಂತು ಮೀನಖಂಡಗಳು ಕುಸ್ತಿಯವರ ಹಾಗೆ ಆಗಿದ್ದವು. ಆ ಕೋಣೆಯಲ್ಲಿ ಸೀಮೆಸುಣ್ಣ ಕೈ ಜಾರಿದರೆ ಪುಡಿಯಾಗುತ್ತಿತ್ತು. ಮಕ್ಕಳ ಅಕ್ಷರ ಮಾತ್ರ ಕೆತ್ತಿದಂತೆ ಮೂಡುತ್ತಿತ್ತು. ಅವಳು ಚೆನ್ನಾಗಿ ಪಾಠ ಮಾಡುತ್ತಾಳೆಂದು ನನಗೆ ಗೊತ್ತು, ಮಕ್ಕಳಿಗೆ ಗೊತ್ತು. ಗೊತ್ತಾಗಬೇಕಾದ ಒಬ್ಬರಿಗೇ ಗೊತ್ತಿರಲಿಲ್ಲ. ಅವರು ಶಾಲಾ ಇನ್ಸ್‌ಪೆಕ್ಟರ್ ಚನ್ನಕೇಶವಯ್ಯನವರು.

ಚನ್ನಕೇಶವಯ್ಯನವರು ಒಳ್ಳೆಯ ಮನುಷ್ಯ. ದೊಡ್ಡ ಶರೀರ, ಸೋತ ಮಂಡಿ. ತನಿಖೆಗೆ ಬಂದ ದಿನ ಮೂಡಣ ತುದಿಯಿಂದ ಶುರು ಮಾಡುವರು. ಹಗುರ ಕೋಣೆಯಲ್ಲಿ ಕುರ್ಚಿ ಎಳೆದುಕೊಂಡು ಕೂತರೆ ಬೆಳಗ್ಗೆಯೆಲ್ಲ ಅಲ್ಲೇ. ಮಕ್ಕಳು ಉತ್ತರ ಹೇಳುವ ಉತ್ಸಾಹಕ್ಕೆ ತೊಲೆಯವರೆಗೂ ನೆಗೆಯುವುದನ್ನು ನೋಡಿ ನಗುವರು, ತಾವೂ ಒಂದು ಕಥೆ ಹೇಳುವರು. ಆಮೇಲೆ ನನ್ನ ಕೋಣೆಯಲ್ಲಿ ಒಂದಿಷ್ಟು ಹೊತ್ತು. ಭಾರದ ಕೋಣೆಯ ಬಾಗಿಲಿಗೆ ಬರುವ ಹೊತ್ತಿಗೆ ಚೌಕಟ್ಟಿಗೆ ಕೈ ಊರಿ, ಒಂದು ಕಾಲನ್ನು ಜಗಲಿಯಲ್ಲೇ ಬಿಟ್ಟು, "ಎಲ್ಲ ಚೆನ್ನಾಗಿ ನಡೀತಿದೆಯೇನಮ್ಮಾ?" ಎನ್ನುವರು.

"ನಡೀತಿದೆ ಸಾರ್."

"ಸಂತೋಷ."

ಅಷ್ಟೇ. ಇಷ್ಟು ವರ್ಷದಲ್ಲಿ ಅವರ ಎರಡನೆಯ ಕಾಲು ಆ ಹೊಸಿಲು ದಾಟಿದ್ದನ್ನು ನಾನು ನೋಡಿರಲಿಲ್ಲ.

ಮೊದಲು ಹಗುರ ಕೋಣೆಯಲ್ಲಿ ವಯಸ್ಸಾದ ಒಬ್ಬ ಮಾಸ್ತರರಿದ್ದರು. ಆಗ ಅಂಬುಜಾಕ್ಷಿ ಇದನ್ನು ಸಹಿಸಿಕೊಂಡಿದ್ದಳು. ಅವರು ನಿವೃತ್ತರಾಗಿ ಮಂದಾಕಿನಿ ಎಂಬ ಹುಡುಗಿ ಬಂದ ಮೇಲೆ ಸಹಿಸಲಾಗಲಿಲ್ಲ. ಮಂದಾಕಿನಿಗೆ ಆಗ ತಾನೇ ಕೆಲಸ ಸಿಕ್ಕಿತ್ತು. ಸಣ್ಣ ಹುಡುಗಿ, ನಗುಮುಖ. ಬಂದ ಮೊದಲ ತನಿಖೆಗೇ ಇನ್ಸ್‌ಪೆಕ್ಟರು ಅವಳ ಕ್ಲಾಸಿನಲ್ಲಿ ಊಟದ ಗಂಟೆ ಹೊಡೆಯುವ ತನಕ ಕೂತಿದ್ದರು. ಅಂದು ಅಂಬುಜಾಕ್ಷಿ ಗಂಜಿ ಹಾಕಿದ ಸೀರೆ ಉಟ್ಟು, ಭಿನ್ನರಾಶಿ ಪಾಠಕ್ಕೆ ಬಣ್ಣದ ರಟ್ಟು ಕತ್ತರಿಸಿ ಚಕ್ರಗಳನ್ನು ಮಾಡಿಕೊಂಡು ಬಂದಿದ್ದಳು. ಮಧ್ಯಾಹ್ನ ಆ ಚಕ್ರಗಳನ್ನು ಚೀಲಕ್ಕೆ ತುಂಬುತ್ತಾ ನನ್ನ ಕಡೆ ನೋಡದೆಯೇ ಹೇಳಿದಳು:

"ವತ್ಸಲಕ್ಕ, ಊಟಕ್ಕೆ ಕರೆದು ಎಲೆ ಹಾಕದೆ ಕಳಿಸಿದ್ರೆ ಹೆಂಗಿರುತ್ತೆ?"

"ಅವರ ಮಂಡಿ ನೋಡೇ ಪಾಪ."

"ಮಂಡಿ! ಅವಳ ಕ್ಲಾಸಲ್ಲಿ ಮಕ್ಕಳ ಜೊತೆ ಕುಣಿಯೋಕೆ ಇಲ್ಲವಾ ಮಂಡಿ?"

ಟೀ ಹೊತ್ತಿನಲ್ಲಿ ಮಂದಾಕಿನಿಯ ಎದುರಿಗೂ ಬಿಡುತ್ತಿರಲಿಲ್ಲ. "ನೋಡಮ್ಮ, ಮುಂದಿನ ಸಲ ಸಾರ್‌ಗೆ ಒಂದು ಹಾಸಿಗೆ ತಂದಿಟ್ಟಿರು. ಊಟ ಮಾಡಿ ಅಲ್ಲೇ ಒಂದು ಜೊಂಪು ತೆಗೀಲಿ."

"ಅಯ್ಯೋ ಅಂಬುಜಕ್ಕ, ನನ್ನ ಕೋಣೇಲಿ ಹಾಸಿಗೆ ಹಾರಿಹೋಗುತ್ತೆ!" ಎಂದು ಆ ಹುಡುಗಿ ನಗುತ್ತಿದ್ದಳು. ಚುಚ್ಚುಮಾತೆಂದು ತಿಳಿಯದೆ ನಗುತ್ತಿದ್ದಳೋ, ತಿಳಿದೂ ನಗುತ್ತಿದ್ದಳೋ, ನನಗೆ ಗೊತ್ತಾಗಲಿಲ್ಲ. ಅಂಬುಜಾಕ್ಷಿಗೆ ಆ ನಗುವೇ ಉರಿಯುವ ಒಲೆಗೆ ಒಣಗಿದ ತೆಂಗಿನಗರಿ ಇಟ್ಟಂತಾಗುತ್ತಿತ್ತು.

ಮಂದಾಕಿನಿಗೆ ಇನ್ನೊಂದು ಅಭ್ಯಾಸವಿತ್ತು. ದಿನಾ ಬೆಳಗ್ಗೆ ಏಳನೆಯ ತರಗತಿಯ ಕುಡಿಯುವ ನೀರಿನ ಕೊಡವನ್ನು ಬಾವಿಕಟ್ಟೆಯಿಂದ ತಾನೇ ಹೊತ್ತು, ಜಗಲಿಯುದ್ದಕ್ಕೂ ನಡೆದು, ಭಾರದ ಕೋಣೆಯ ಬಾಗಿಲಲ್ಲಿ ಇಟ್ಟುಹೋಗುವಳು. ಕೊನೆಯ ನಾಲ್ಕು ಹೆಜ್ಜೆಗೆ ಅವಳ ಕತ್ತಿನ ನರ ಉಬ್ಬುತ್ತಿದ್ದುದು ನನಗೆ ಕಾಣುತ್ತಿತ್ತು. ಅಂಬುಜಾಕ್ಷಿಗೆ ಕಂಡದ್ದೇ ಬೇರೆ. "ನೋಡಿದ್ರಾ ಹೆಂಗೆ ಬಳುಕ್ತಾ ಬರ್ತಾಳೆ. ತನ್ನ ಕಾಲು ಎಷ್ಟು ಹಗುರ ಅಂತ ನಮಗೆ ತೋರಿಸೋಕೆ."

ಒಂದು ಸಲ ಇನ್ಸ್‌ಪೆಕ್ಟರು ನಮ್ಮ ಮೂವರನ್ನೂ ಜಗಲಿಯಲ್ಲಿ ಕೂಡಿಸಿ, ಸಂಕೋಚದಿಂದ ಕೆಮ್ಮಿ, "ನಮ್ಮ ತನಿಖೆ ಶಿಕ್ಷಕರಿಗೆ ತೃಪ್ತಿ ತಂದಿದೆಯೋ ಇಲ್ಲವೋ ಕೇಳಿ ತಿಳಿಸಿ ಅಂತ ಮೇಲಿನವರು ಹೇಳಿದಾರೆ. ನಾನೇ ಕೇಳಬೇಕಂತೆ, ನೋಡಿ ಗ್ರಹಚಾರ" ಎಂದರು.

"ತುಂಬಾ ತೃಪ್ತಿ ಸಾರ್" ಎಂದಳು ಮಂದಾಕಿನಿ.

"ಪರವಾಗಿಲ್ಲ ಸಾರ್" ಎಂದೆ ನಾನು.

ಅಂಬುಜಾಕ್ಷಿ ತನ್ನ ಕಾಲಬೆರಳುಗಳನ್ನೇ ನೋಡುತ್ತಾ, "ತೃಪ್ತಿ ಸಾರ್" ಎಂದಳು. ಬಾಯಿಯಲ್ಲಿ ಹಾಗಲಕಾಯಿ ಇಟ್ಟುಕೊಂಡು ಹೇಳಿದ ಹಾಗಿತ್ತು. ಚನ್ನಕೇಶವಯ್ಯನವರು ಖುಷಿಯಾದರು. ಹೊರಡುವಾಗ, ಬೇಸಿಗೆ ರಜೆಯ ಹೊತ್ತಿಗೆ ತಮ್ಮ ಸೇವೆ ಮುಗಿಯುತ್ತದೆಂದೂ ಮುಂದಿನ ಭೇಟಿಯೇ ಕೊನೆಯದೆಂದೂ ಹೇಳಿದರು.

ಅಂದು ಸಂಜೆ ಅಂಬುಜಾಕ್ಷಿ ಮನೆಗೆ ಹೋಗದೆ ನನ್ನ ಬೆಂಚಿನ ಮೇಲೆ ಕೂತಳು. "ಇನ್ನೊಂದೇ ಸಲ ಅಂತೆ ವತ್ಸಲಕ್ಕ. ನನಗೆ ಬಹುಮಾನ ಬೇಡ, ಬಡ್ತಿ ಬೇಡ. ಒಂದೇ ಒಂದು ಪೀರಿಯಡ್ ಆ ಮನುಷ್ಯ ನನ್ನ ಕ್ಲಾಸಲ್ಲಿ ಕೂತು ನೋಡಿದ್ರೆ ಸಾಕು. ಇಷ್ಟು ವರ್ಷ ನಾನು ಆ ಗೋಡೆಗೆ ಪಾಠ ಮಾಡಿದೀನಾ?" ಅವಳ ಕಣ್ಣು ತುಂಬಿತ್ತು. ಮರುಗಳಿಗೆಗೇ ಸೆರಗಿನಿಂದ ಒರೆಸಿಕೊಂಡು, "ಅಲ್ಲಿ ಕೂರೋಕೆ ಆಗದ ಹಾಗಾದ್ರೆ ಇಲ್ಲಿಗೆ ಬರ್ತಾರೆ, ಅಲ್ವಾ?" ಎಂದಳು. ಆ ಮಾತಿನ ಅರ್ಥ ನನಗೆ ಆಗ ಹೊಳೆಯಲಿಲ್ಲ.

ಅದೇ ತಿಂಗಳು ರೆಹಮತ್ ಸಾಹೇಬರು ನಮ್ಮೂರಿಗೆ ಬಂದರು. ಭೂಮಿಯ ಸೆಳೆತ ಎಲ್ಲಿ ಎಷ್ಟಿದೆ ಎಂದು ಅಳೆದು, ಅದರಿಂದ ನೆಲದ ಹೊರಪದರದ ಒಳಗೆ ಎಂಥ ಬಂಡೆಯಿದೆ ಎಂದು ಲೆಕ್ಕ ಹಾಕುವುದು ಅವರ ಕೆಲಸ. ಪ್ರೆಶರ್ ಕುಕ್ಕರಿನಷ್ಟು ದೊಡ್ಡದೊಂದು ಯಂತ್ರವನ್ನು ಮೂರು ಕಾಲಿನ ಮಣೆಯ ಮೇಲಿಟ್ಟು, ಬಗ್ಗಿ ಒಳಗೆ ನೋಡುವರು. ಉಸಿರು ಕೂಡ ನಿಧಾನವಾಗಿ ಬಿಡುವರು. ಊರಿನವರು ಅವರಿಗೆ ಮಜ್ಜಿಗೆ ಕೊಟ್ಟು, "ಎಲ್ಲಿ ಭಾರ ಅಂತ ನಮ್ಮನ್ನ ಕೇಳಿದ್ರೆ ನಾವೇ ಹೇಳ್ತಿದ್ವಲ್ಲ ಸಾಯ್ಬ್ರೇ" ಎಂದು ಕನಿಕರ ಪಟ್ಟರು.

ಶಾಲೆಯ ಮೂರು ಕೋಣೆಯನ್ನೂ ಅವರು ಅಳೆದರು. ಊಟದ ಬಿಡುವಿನಲ್ಲಿ ಅಂಬುಜಾಕ್ಷಿ ಅವರನ್ನು ಹಿಡಿದುಕೊಂಡಳು.

"ಅಲ್ಲಾ ಸಾಹೇಬ್ರೇ, ನನ್ನ ಕೋಣೆ ಯಾಕೆ ಹಿಂಗೆ ಎಳೆಯುತ್ತೆ?"

"ಕೆಳಗೆ ಬಹಳ ಆಳದಲ್ಲಿ ದಟ್ಟವಾದ ಬಂಡೆ ಇರಬೇಕಮ್ಮ. ಆ ಕಡೆ ಮೇಡಂ ಕೋಣೆ ಕೆಳಗೆ ಅದು ಇಲ್ಲ."

"ಬಂಡೆಗೆ ಎಳೆಯೋ ಗುಣ ಇರುತ್ತಾ?"

"ಬಂಡೆ ಯಾಕೆ, ಎಲ್ಲಕ್ಕೂ ಇರುತ್ತೆ. ನಿಮ್ಮ ಮನೆ ರುಬ್ಬುಗುಂಡೂ ಎಳೆಯುತ್ತೆ. ರಸ್ತೆಬದಿ ಕಲ್ಲೂ ಎಳೆಯುತ್ತೆ. ಆದರೆ ಅದು ಎಷ್ಟು ಕಡಿಮೆ ಅಂದ್ರೆ…"

ಅಷ್ಟರಲ್ಲಿ ಗಂಟೆ ಹೊಡೆಯಿತು. ಅಂಬುಜಾಕ್ಷಿ ಎದ್ದುಹೋದಳು. ಮುಂದಿನ ಅರ್ಧ ಮಾತು ಕೇಳಲು ಉಳಿದವಳು ನಾನೊಬ್ಬಳೇ.

ಮರುದಿನದಿಂದ ಅವಳ ಊಟದ ಚೀಲ ದಪ್ಪಗಾಯಿತು. ಮಕ್ಕಳು ಬರುವುದಕ್ಕೆ ಮೊದಲೇ ಬಂದು, ಪಡುವಣ ಹಿತ್ತಲಿನ ಕಲ್ಲುಗುಪ್ಪೆಯಿಂದ ಮುಷ್ಟಿಗಾತ್ರದ ಕಲ್ಲುಗಳನ್ನು ಆಯ್ದು ಚೀಲಕ್ಕೆ ತುಂಬಿ, ಜಗಲಿಯುದ್ದಕ್ಕೂ ಹೊತ್ತು, ಹಗುರ ಕೋಣೆಯ ಕಪಾಟಿನ ಹಿಂದೆ ಸುರಿದು ಬರುವಳು. ನನ್ನ ಕೋಣೆಯೊಳಗಿನಿಂದ ನೋಡಿದರೆ ನಗುವುದೋ ಅಳುವುದೋ ತಿಳಿಯದು. ತನ್ನ ಬಾಗಿಲಿನಿಂದ ಹೊರಡುವಾಗ ಚೀಲ ಅವಳನ್ನು ನೆಲಕ್ಕೆ ಬಗ್ಗಿಸುತ್ತಿತ್ತು. ನನ್ನ ಬಾಗಿಲ ಮುಂದೆ ಬರುವಾಗ ಬೆನ್ನು ನೆಟ್ಟಗಾಗುತ್ತಿತ್ತು. ಮಂದಾಕಿನಿಯ ಹೊಸಿಲು ಮುಟ್ಟುವಷ್ಟರಲ್ಲಿ ಚೀಲದಲ್ಲಿ ಹತ್ತಿ ತುಂಬಿದ ಹಾಗೆ. ಒಮ್ಮೆ ಅವಳು ಅಲ್ಲೇ ನಿಂತು ಚೀಲದ ಬಾಯಿ ತೆರೆದು, ಕಲ್ಲುಗಳನ್ನು ಬೈದದ್ದು ನನಗೆ ಕೇಳಿಸಿತು. "ಥೂ, ನಿಮಗೂ ಅವಳೇ ಬೇಕಾ? ಅಲ್ಲಿ ಹೆಣದ ಭಾರ, ಇಲ್ಲಿ ಬಂದ್ರೆ ಹೂವು!"

ಕಲ್ಲಿನ ಮೇಲೂ ಹೊಟ್ಟೆಕಿಚ್ಚು ಪಟ್ಟವಳು ನಾನು ಕಂಡಂತೆ ಅವಳೊಬ್ಬಳೇ. ಆದರೂ ಬಿಡಲಿಲ್ಲ. ಒಂದು ಕಲ್ಲು ಕಡಿಮೆ ಎಳೆದರೆ ಹೆಚ್ಚು ಕಲ್ಲು ತಂದು ಆ ಕೋಣೆಯನ್ನೂ ಭಾರ ಮಾಡಿದರಾಯಿತು ಎಂದು ಅವಳ ಗಣಿತ. ಅವಳ ಅಂಗೈಯಲ್ಲಿ ಬೊಬ್ಬೆ ಎದ್ದವು. ಕೇಳಿದರೆ, "ರಾಗಿ ಬೀಸಿದೆ" ಎಂದಳು. ನಾನು ಹರಳೆಣ್ಣೆ ತಂದುಕೊಟ್ಟೆ; ಅದಕ್ಕಿಂತ ಹೆಚ್ಚು ಕೇಳಲಿಲ್ಲ.

ಕೊನೆಯ ತನಿಖೆಯ ದಿನ ಬಂತು. ಅಂಬುಜಾಕ್ಷಿ ಅದೇ ಗಂಜಿ ಸೀರೆ ಉಟ್ಟು ಬಂದು, ಜಗಲಿಯ ಕಂಬಕ್ಕೆ ಒರಗಿ, ಮೂಡಣ ಬಾಗಿಲನ್ನೇ ನೋಡುತ್ತಾ ನಿಂತಳು. ಇನ್ಸ್‌ಪೆಕ್ಟರು ಒಳಗೆ ಹೋಗಿ ಈಗ ಏದುಸಿರು ಬಿಡುತ್ತಾ ಹೊರಗೆ ಬರುತ್ತಾರೆ ಎಂದು ಅವಳು ಕಾಯುತ್ತಿದ್ದಳು. ಅವರು ಒಳಗೆ ಹೋದರು, ಕುರ್ಚಿ ಎಳೆದುಕೊಂಡರು, ಕೂತರು. ಸ್ವಲ್ಪ ಹೊತ್ತಿಗೆ ಅವರ ದೊಡ್ಡ ದನಿ ಕೇಳಿಸಿತು. "ಭೇಷ್! ಇದೇನಮ್ಮ ಇದು, ಇಷ್ಟು ಅಚ್ಚುಕಟ್ಟು!"

ನಾವಿಬ್ಬರೂ ಹೋಗಿ ಕಿಟಕಿಯಲ್ಲಿ ಇಣುಕಿದೆವು. ಹಗುರ ಕೋಣೆಯ ದೊಡ್ಡ ತೊಂದರೆಯೆಂದರೆ ಹಾಳೆಗಳು. ಯಾರಾದರೂ ಸೀನಿದರೆ ಸಾಕು, ಮಕ್ಕಳ ಬರಹವೆಲ್ಲ ತೇಲಿ ತೊಲೆ ಸೇರುತ್ತಿತ್ತು; ಮಂದಾಕಿನಿಯ ಅರ್ಧ ಪೀರಿಯಡ್ ಹಾಳೆ ಹಿಡಿಯುವುದರಲ್ಲೇ ಕಳೆಯುತ್ತಿತ್ತು. ಈಗ ಪ್ರತಿ ಮಗುವಿನ ಮುಂದೂ ತೊಳೆದ ಒಂದು ಕಲ್ಲು, ಕಲ್ಲಿನ ಕೆಳಗೆ ಹಾಳೆ. ಅಲ್ಲಿ ಎಷ್ಟೇ ಹಗುರವಾದರೂ ಕಲ್ಲು ಹಾಳೆಗಿಂತ ಭಾರವೇ ತಾನೆ. ಮಕ್ಕಳು ಆ ಕಲ್ಲುಗಳಿಗೆ ಕಣ್ಣು ಮೂಗು ಬರೆದು ಹೆಸರೂ ಇಟ್ಟಿದ್ದರು.

"ನಂದಲ್ಲ ಸಾರ್ ಇದು" ಎನ್ನುತ್ತಿದ್ದಳು ಮಂದಾಕಿನಿ. "ಅಂಬುಜಕ್ಕ ಮಾಡಿದ್ದು. ನನ್ನ ಹಾಳೆ ಪಾಡು ನೋಡಲಾರದೆ ದಿನಾ ಬೆಳಗ್ಗೆ ಯಾರಿಗೂ ಹೇಳದೆ ಹೊತ್ತು ತಂದಿಡ್ತಾರೆ. ಅವರ ಕೋಣೆ ಕಡೆಯಿಂದ ಹೊರೋದು ಅಂದ್ರೆ ಎಷ್ಟು ಕಷ್ಟ ಅಂತ ನನಗೆ ಗೊತ್ತು ಸಾರ್. ಕೈಯೆಲ್ಲ ಬೊಬ್ಬೆ ಬಂದಿದೆ."

ಅಂಬುಜಾಕ್ಷಿಯ ಮುಖ ಹೇಗಾಯಿತೆಂದು ಹೇಳಲು ನನಗೆ ಮಾತು ಸಾಲದು. ಅವಳ ಉರಿಗೆ ತುಪ್ಪ ಸುರಿದಂತಾಗಿತ್ತು. ಆ ತುಪ್ಪವನ್ನು ಕಾಯಿಸಿ ತಂದವಳೂ ಅವಳೇ. "ನನ್ನ ಕಲ್ಲಿಂದ ಅವಳಿಗೆ ಭೇಷ್" ಎಂದು ಹಲ್ಲು ಕಚ್ಚಿ ಹೇಳಿ, ತನ್ನ ಕೋಣೆಗೆ ನಡೆದುಬಿಟ್ಟಳು. ಪ್ರತಿ ಹೆಜ್ಜೆಯೂ ಭಾರವಾಗುತ್ತಾ ಹೋಗುವ ಆ ಜಗಲಿಯಲ್ಲಿ ಸಿಟ್ಟಿನಿಂದ ನಡೆಯುವುದು ಕಷ್ಟ.

ಚನ್ನಕೇಶವಯ್ಯನವರು ಹಗುರ ಕೋಣೆಯಿಂದ ಎದ್ದರು. ನನ್ನ ಕೋಣೆಯ ಕಡೆ ತಲೆಯನ್ನೂ ಹಾಕದೆ, ಮಂದಾಕಿನಿಯ ಭುಜ ಹಿಡಿದುಕೊಂಡು, ನೇರ ಪಡುವಣ ತುದಿಗೆ ಹೋದರು. ನಾನೂ ಹಿಂದೆ ಹೋದೆ. ಬಾಗಿಲಲ್ಲಿ ಒಂದು ಗಳಿಗೆ ನಿಂತರು. ಆಮೇಲೆ ಎರಡನೆಯ ಕಾಲನ್ನೂ ಎತ್ತಿ ಒಳಗಿಟ್ಟರು.

"ಅಂಬುಜಾಕ್ಷಮ್ಮ, ನಿಮ್ಮಂಥ ಸಹೋದ್ಯೋಗಿ ಸಿಗೋದು ಪುಣ್ಯ. ಅದನ್ನ ಹೇಳಿಹೋಗೋಣ ಅಂತ ಬಂದೆ" ಎಂದರು. ಅಷ್ಟು ಹೇಳುವುದರಲ್ಲಿ ಅವರ ಹಣೆಯ ಮೇಲೆ ಬೆವರು. ಹಿಂದಿನ ಬೆಂಚಿನ ತುದಿ ಹಿಡಿದರು, ಸ್ವಲ್ಪ ಸುಧಾರಿಸಿಕೊಳ್ಳೋಣವೆಂದು ಕೂತರು. ಬೆಂಚು ಕೂಗಿಕೊಂಡಿತು.

ಎರಡು ನಿಮಿಷ ಬಿಟ್ಟು ಏಳಲು ನೋಡಿದರು. ಆಗಲಿಲ್ಲ. ಮತ್ತೊಮ್ಮೆ ಮುಂದಿನ ಡೆಸ್ಕಿಗೆ ಕೈ ಊರಿ ನೋಡಿದರು. ಭಾರದ ಕೋಣೆಯಲ್ಲಿ ಅಂಥ ಶರೀರ ಒಮ್ಮೆ ಕೂತರೆ, ಅದನ್ನು ಏಳಿಸಲು ನಾಲ್ಕು ಗಟ್ಟಿ ಆಳುಗಳಾದರೂ ಬೇಕು. ನಾವು ಮೂವರು ಹೆಂಗಸರು ಎಲ್ಲಿಗೆ ಸಾಲುತ್ತೇವೆ? ರೆಹಮತ್ ಸಾಹೇಬರನ್ನೂ ಯಂತ್ರ ಹೊರುವ ಅವರ ಆಳುಗಳನ್ನೂ ಕರೆತರಲು ಊರೊಳಗೆ ಹೇಳಿಕಳಿಸಿದೆ.

"ಅವರು ಬರೋ ತನಕ ನೀವು ಪಾಠ ಮಾಡಿ ತಾಯಿ" ಎಂದರು ಇನ್ಸ್‌ಪೆಕ್ಟರು, ನಾಚಿಕೊಂಡು.

ಅಂಬುಜಾಕ್ಷಿ ಸೀಮೆಸುಣ್ಣ ಎತ್ತಿಕೊಂಡಳು. ಆಮೇಲೆ ಭಿನ್ನರಾಶಿಯನ್ನು ಭಿನ್ನರಾಶಿಯಿಂದ ಭಾಗಿಸುವುದನ್ನು ಶುರು ಮಾಡಿದಳು ನೋಡಿ, ನಾನು ಜಗಲಿಯಲ್ಲಿ ನಿಂತವಳು ನನ್ನ ಕ್ಲಾಸನ್ನೇ ಮರೆತೆ. ಅರ್ಧ ರೊಟ್ಟಿಯಲ್ಲಿ ಕಾಲು ರೊಟ್ಟಿಗಳು ಎಷ್ಟು ಎಂದು ಕೇಳಿ, ಒಬ್ಬೊಬ್ಬ ಹುಡುಗನ ತಪ್ಪನ್ನೂ ಬೈಯದೆ ಬಿಡಿಸಿ, ಅದೇ ತಪ್ಪಿನಿಂದಲೇ ಸರಿಯ ಕಡೆಗೆ ದಾರಿ ತೋರಿಸಿದಳು. ಚನ್ನಕೇಶವಯ್ಯನವರು ಬೆವರು ಒರೆಸಿಕೊಳ್ಳುವುದನ್ನು ನಿಲ್ಲಿಸಿದರು. ಗಲ್ಲಕ್ಕೆ ಕೈ ಕೊಟ್ಟು ಕೂತರು. ಆಳುಗಳು ಬಂದು ಬಾಗಿಲಲ್ಲಿ ನಿಂತಾಗ, ತಾವೇ ಕೈಸನ್ನೆಯಲ್ಲಿ "ತಡೀರಿ" ಎಂದರು.

ಗಂಟೆ ಹೊಡೆದ ಮೇಲೆ ಅವಳು ಸೀಮೆಸುಣ್ಣದ ಕೈಯನ್ನು ಸೆರಗಿಗೆ ಒರೆಸುತ್ತಾ ಅವರ ಮುಂದೆ ಬಂದು ನಿಂತಳು.

"ಪಾಠ ಚೆನ್ನಾಗಿ ಮಾಡ್ತೀರಿ. ಇಷ್ಟು ದಿನ ನಾನು ನೋಡಲಿಲ್ಲ, ಅದು ನನ್ನ ನಷ್ಟ" ಎಂದರು. ಅವಳು ತಲೆ ತಗ್ಗಿಸಿದಳು. "ಆದರೆ ಒಂದು ತಪ್ಪಿದೆ."

ಜಗಲಿಯಲ್ಲಿದ್ದ ನಾವೆಲ್ಲ ಬಾಗಿಲಿಗೆ ಸರಿದೆವು.

"ಬೇರೆ ಕಡೆ ಮಕ್ಕಳು ಕೈ ಎತ್ತುತ್ತಾರೆ. ನಿಮ್ಮ ಮಕ್ಕಳಿಗೆ ಇಲ್ಲಿ ತೋಳು ಎತ್ತೋಕಾಗಲ್ಲ. ಡೆಸ್ಕ್ ಮೇಲೆ ಕೈ ಊರಿ ಒಂದು ಬೆರಳು ಎತ್ತುತ್ತಾರೆ. ನೀವು ಬೋರ್ಡ್ ಕಡೆ ತಿರುಗಿ ಬರೆದು, ಈ ಕಡೆ ತಿರುಗಿದ ಕೂಡಲೇ ಮಕ್ಕಳ ತಲೆ ಮೇಲಿಂದ ದೂರ ನೋಡ್ತೀರಿ. ಬೆರಳು ಕಾಣಲ್ಲ. ಈ ಕಿಟಕಿ ಹತ್ತಿರದ ಹುಡುಗಿ ಪಾಠ ಶುರುವಾದಾಗಿನಿಂದ ಬೆರಳು ಎತ್ತೇ ಇದಾಳೆ."

ಅಂಬುಜಾಕ್ಷಿ ತಿರುಗಿ ನೋಡಿದಳು. ಹುಡುಗಿಯ ಬೆರಳು ಇನ್ನೂ ಎದ್ದೇ ಇತ್ತು. ಹೋಗಿ ಆ ಬೆರಳನ್ನು ಮೆಲ್ಲಗೆ ಹಿಡಿದು ಮಡಿಚಿ, "ಏನಮ್ಮಾ ಕೇಳಬೇಕಿತ್ತು?" ಎಂದಳು. ಹುಡುಗಿ ಏನು ಕೇಳಿದಳೋ ನನಗೆ ಕೇಳಿಸಲಿಲ್ಲ. ಅಂಬುಜಾಕ್ಷಿಯ ಕಣ್ಣಿಂದ ನೀರು ಇಳಿಯಿತು. ಆ ಕೋಣೆಯಲ್ಲಿ ಕಣ್ಣೀರು ಕೆನ್ನೆಯ ಮೇಲೆ ನಿಲ್ಲುವುದಿಲ್ಲ, ಟಪ್ಪೆಂದು ನೆಲಕ್ಕೇ ಬೀಳುತ್ತದೆ. ಬೈಸಿಕೊಂಡವರ ಮುಖ ಅಷ್ಟು ಬೆಳಗಿದ್ದನ್ನು ನಾನು ನೋಡಿಲ್ಲ.

ಆಳುಗಳು ಇನ್ಸ್‌ಪೆಕ್ಟರನ್ನು ಎತ್ತಿ ಜಗಲಿಗೆ ತಂದು, ಮೂಡಣಕ್ಕೆ ಕರೆದೊಯ್ದರು. ಹಗುರ ಬೀದಿ ಮುಟ್ಟಿದ ಮೇಲೆ ಅವರು ಎಲ್ಲರಿಗೂ ಕೈ ಮುಗಿದು, ತಾವೇ ನಡೆದು ಹೋದರು.

ನಾವು ಮೂವರೂ ನನ್ನ ಕೋಣೆಗೆ ಬಂದು ಕೂತೆವು. ಅಂಬುಜಾಕ್ಷಿ ತನ್ನಷ್ಟಕ್ಕೇ ಮುಗುಳ್ನಗುತ್ತಿದ್ದಳು. ಮಂದಾಕಿನಿಯ ಮುಖ ಮಾತ್ರ ಸಪ್ಪಗಿತ್ತು. ಆ ಹುಡುಗಿಯ ಮುಖ ಹಾಗಿದ್ದುದನ್ನು ನಾನು ಮೊದಲ ಸಲ ಕಂಡೆ.

"ಏನೇ, ಹಿಂಗೆ ಕೂತೆ?" ಎಂದೆ.

"ಏನಿಲ್ಲ ವತ್ಸಲಕ್ಕ." ಆಮೇಲೆ ತಾನೇ ಹೇಳಿದಳು: "ಅಷ್ಟು ಸಲ ನನ್ನ ಕ್ಲಾಸಲ್ಲಿ ಕೂತಿದಾರೆ. ನಕ್ಕಿದಾರೆ, ಕಥೆ ಹೇಳಿದಾರೆ, ಭೇಷ್ ಅಂದಿದಾರೆ. ಒಂದು ದಿನವಾದ್ರೂ ನನಗೊಂದು ತಪ್ಪು ಹೇಳಿಲ್ಲ. ನಾನು ಸರಿಯಾಗಿ ಪಾಠ ಮಾಡ್ತೀನೋ ಇಲ್ವೋ ನನಗೆ ಇವತ್ತಿಗೂ ಗೊತ್ತಿಲ್ಲ. ಅಂಬುಜಕ್ಕಂಗೆ ಒಂದೇ ದಿನ ಬಂದು…" ಹೊಟ್ಟೆಕಿಚ್ಚಿನ ಉರಿ ಆ ಕಣ್ಣಿನಲ್ಲೂ ಹತ್ತಿತ್ತು, ಚಿಕ್ಕದಾಗಿ, ಈಗ ತಾನೇ ಗೀರಿದ ಕಡ್ಡಿಯ ಹಾಗೆ.

ಅಂಬುಜಾಕ್ಷಿ ಅದನ್ನು ನೋಡಿದಳು. ಆ ಉರಿಯ ಗುರುತು ಅವಳಿಗಿಂತ ಚೆನ್ನಾಗಿ ಯಾರಿಗೆ ಇತ್ತು? ಆ ಹುಡುಗಿಯ ಪಕ್ಕಕ್ಕೆ ಸರಿದು ಕೂತು ಹೇಳಿದಳು: "ನಾಳೆ ನನಗೆ ಎರಡನೇ ಪೀರಿಯಡ್ ಬಿಡುವಿದೆ. ಬಂದು ನಿನ್ನ ಕ್ಲಾಸಲ್ಲಿ ಕೂತ್ಕೋತೀನಿ."

"ನಿಜವಾಗಿ ಬರ್ತೀರಾ?"

"ಬರ್ತೀನಿ. ತಪ್ಪು ಕಂಡ್ರೆ ಒಂದೂ ಬಿಡಲ್ಲ, ನೋಡು. ಅಳಬಾರದು."

"ಅಳಲ್ಲ" ಎಂದಳು ಮಂದಾಕಿನಿ, ಆಗಲೇ ಕಣ್ಣೊರೆಸಿಕೊಳ್ಳುತ್ತಾ.

ಅಂಬುಜಾಕ್ಷಿಯ ದನಿಯಲ್ಲಿ ಎಷ್ಟು ಪ್ರೀತಿಯಿತ್ತು, ಎಷ್ಟು ಹಳೆಯ ಲೆಕ್ಕ ತೀರಿಸುವ ಹುರುಪಿತ್ತು ಎಂದು ನಾನು ಬೇರ್ಪಡಿಸಿ ಹೇಳಲಾರೆ. ಇಬ್ಬರೂ ಆಗಲೇ ತಲೆಗೆ ತಲೆ ಕೊಟ್ಟು, ನಾಳೆ ಯಾವ ಪಾಠ, ಅಂಬುಜಾಕ್ಷಿ ಎಲ್ಲಿ ಕೂರಬೇಕು ಎಂದು ಮಾತಿಗಿಳಿದಿದ್ದರು. ನಾನು ಇನ್ನೂ ಅಲ್ಲೇ ಇದ್ದೇನೆಂಬುದು ಇಬ್ಬರಿಗೂ ಮರೆತಂತಿತ್ತು.

"ಏನ್ರೇ," ಎಂದೆ, ನನ್ನ ದನಿ ನನಗೇ ಹುಳಿಯಾಗಿ ಕೇಳಿಸಿತು, "ನನ್ನ ಕೋಣೆಗೆ ಯಾರು ಬರೋದು?"